ಎಂಆರ್‌ಐಗಾಗಿ ಕಬ್ಬಿಣದ ಆಕ್ಸೈಡ್ ನ್ಯಾನೋಕಣಗಳು: ತಯಾರಿಕೆ, ಲೇಪನ, ಪರೀಕ್ಷೆ – ಪದೇ ಪದೇ ಕೇಳುವ ಪ್ರಶ್ನೆಗಳು

ರಸಾಯನಶಾಸ್ತ್ರ, ಬಯೋಟೆಕ್ನಾಲಜಿ ಮತ್ತು ಫಾರ್ಮಸಿ ಪ್ರಯೋಗಾಲಯಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ, ಕೇಳಿದವರ ಮಾತಿನಲ್ಲೇ. ಸುಲಭದವು ಮೊದಲು, ಕಠಿಣವಾದವು ಕೊನೆಗೆ. ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಈ ಕಣಗಳನ್ನು ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಉಪ್ಪುನೀರಿನಲ್ಲಿ, ರಕ್ತದಲ್ಲಿ ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ತಿಂಗಳುಗಟ್ಟಲೆಯ ಕೆಲಸ. ಹೆಚ್ಚಿನ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ.

## ಮೊದಲ ಹೆಜ್ಜೆ

ಗ್ಯಾಡೊಲಿನಿಯಂ ಇರುವಾಗ ಎಂಆರ್‌ಐಗೆ ಕಬ್ಬಿಣದ ಕಣ ಯಾಕೆ?

ಎಂಆರ್‌ಐ ಯಂತ್ರ ನೋಡುವುದು ದೇಹದ ನೀರಿನಲ್ಲಿರುವ ಪ್ರೋಟಾನುಗಳನ್ನು. ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ಗ್ಯಾಡೊಲಿನಿಯಂ ಎಂಬ ಲೋಹದ ಅಯಾನು ತನ್ನನ್ನು ತಾಗುವ ನೀರಿನ ಟಿ1 ಅವಧಿಯನ್ನು (ಪ್ರೋಟಾನುಗಳು ಕ್ಷೇತ್ರದ ದಿಕ್ಕಿಗೆ ಮರಳಲು ಹಿಡಿಯುವ ಸಮಯ) ಮೊಟಕು ಮಾಡುತ್ತದೆ, ಆ ಜಾಗ ಬೆಳ್ಳಗೆ ಕಾಣುತ್ತದೆ. ಕಬ್ಬಿಣದ ಆಕ್ಸೈಡ್ ಕಣ ಕೆಲಸ ಮಾಡುವ ಬಗೆ ಬೇರೆ. 10 ನ್ಯಾನೋಮೀಟರ್ ವ್ಯಾಸದ ಒಂದು ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್) ಕಣದಲ್ಲಿ ಸುಮಾರು 21,000 ಕಬ್ಬಿಣದ ಪರಮಾಣುಗಳಿರುತ್ತವೆ. ಯಂತ್ರದ ಕ್ಷೇತ್ರದೊಳಗೆ ಇಡೀ ಕಣ ಒಂದೇ ಪುಟ್ಟ ಅಯಸ್ಕಾಂತವಾಗಿ ಸುತ್ತಲಿನ ಕ್ಷೇತ್ರವನ್ನು ಕದಡುತ್ತದೆ. ಹತ್ತಿರ ಹಾದುಹೋಗುವ ಪ್ರೋಟಾನುಗಳ ತಾಳ ತಪ್ಪುತ್ತದೆ, ಟಿ2 (ಪ್ರೋಟಾನುಗಳು ಒಂದೇ ತಾಳದಲ್ಲಿ ಇರುವ ಅವಧಿ) ಕುಗ್ಗುತ್ತದೆ, ಆ ಜಾಗ ಕಪ್ಪಾಗುತ್ತದೆ.

ಮೂತ್ರಪಿಂಡ ಕೆಟ್ಟವರಲ್ಲಿ ಗ್ಯಾಡೊಲಿನಿಯಂಗೂ ಚರ್ಮ ಮತ್ತು ಅಂಗಾಂಶ ಗಟ್ಟಿಯಾಗುವ ಒಂದು ಕಾಯಿಲೆಗೂ ನಂಟಿರುವುದು 2006ರಲ್ಲಿ ಗೊತ್ತಾಯಿತು. ಕಬ್ಬಿಣವನ್ನು ಅರಗಿಸಿಕೊಳ್ಳುವ ದಾರಿ ದೇಹಕ್ಕೆ ಮೊದಲೇ ಗೊತ್ತಿರುವುದರಿಂದ ಆಸಕ್ತಿ ಮತ್ತೆ ಈ ಕಡೆ ತಿರುಗಿತು. ಒಂದು ಕೊರತೆಯನ್ನೂ ಹೇಳಬೇಕು: ಕಪ್ಪು ಕಲೆಯನ್ನು ಓದುವುದು ಕಷ್ಟ. ಹಳೆಯ ರಕ್ತಸ್ರಾವ, ಸುಣ್ಣಗಟ್ಟಿದ ಜಾಗ, ಗಾಳಿಯ ಗುಳ್ಳೆ ಎಲ್ಲವೂ ಹಾಗೆಯೇ ಕಾಣುತ್ತವೆ.

ಇಷ್ಟು ಸಣ್ಣದೇ ಆಗಬೇಕಾ? ಸ್ವಲ್ಪ ದೊಡ್ಡದಾದರೆ ಅಯಸ್ಕಾಂತ ಇನ್ನೂ ಜೋರಾಗುತ್ತದಲ್ಲ?

ಜೋರಾಗುತ್ತದೆ, ಜೊತೆಗೆ ಕಾಯಂ ಅಯಸ್ಕಾಂತವೂ ಆಗಿಬಿಡುತ್ತದೆ. ತೊಂದರೆ ಇರುವುದು ಅಲ್ಲೇ. ಮ್ಯಾಗ್ನೆಟೈಟ್ ಕಣ ಸುಮಾರು 20–25 ನ್ಯಾನೋಮೀಟರಿಗಿಂತ ಸಣ್ಣದಿದ್ದರೆ, ಕೋಣೆಯ ತಾಪದ ಶಕ್ತಿಯೇ ಅದರ ಅಯಸ್ಕಾಂತ ದಿಕ್ಕನ್ನು ಸತತವಾಗಿ ಹಿಂದುಮುಂದು ತಿರುಗಿಸುತ್ತಿರುತ್ತದೆ. ಹೊರಗಿನ ಕ್ಷೇತ್ರ ತೆಗೆದೊಡನೆ ಒಟ್ಟು ಅಯಸ್ಕಾಂತತೆ ಸೊನ್ನೆಗೆ ಇಳಿಯುತ್ತದೆ. ಇದನ್ನೇ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಅನ್ನುವುದು. ದಿಕ್ಕು ತಿರುಗಲು ದಾಟಬೇಕಾದ ತಡೆ ಕಣದ ಘನಗಾತ್ರಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಎರಡು ಪಟ್ಟಾದರೆ ತಡೆ ಎಂಟು ಪಟ್ಟು, ತಿರುಗಲು ಬೇಕಾದ ಸಮಯ ಅದರ ಘಾತದಷ್ಟು. ದೊಡ್ಡ ಕಣಗಳು ಸೀಸೆಯಲ್ಲೇ ಒಂದನ್ನೊಂದು ಎಳೆದುಕೊಂಡು ಸರಪಳಿ ಕಟ್ಟುತ್ತವೆ. ಅಂಥದ್ದು ರಕ್ತನಾಳಕ್ಕೆ ಹೋಗುವಂತಿಲ್ಲ.

ಕಬ್ಬಿಣ ಮೈಯೊಳಗೆ ಹೋದರೆ ವಿಷವಾಗುವುದಿಲ್ಲವೇ?

ವಯಸ್ಕರ ದೇಹದಲ್ಲಿ 3–4 ಗ್ರಾಂ ಕಬ್ಬಿಣ ಇದ್ದೇ ಇರುತ್ತದೆ. ಯಕೃತ್ತಿನ ಚಿತ್ರಣಕ್ಕೆ ಬಳಸುತ್ತಿದ್ದ ಫೆರಿಡೆಕ್ಸ್‌ನ ಪ್ರಮಾಣ ಕಿಲೋ ತೂಕಕ್ಕೆ 0.56 ಮಿಲಿಗ್ರಾಂ ಕಬ್ಬಿಣ. 60 ಕಿಲೋ ತೂಗುವವರಿಗೆ ಸುಮಾರು 34 ಮಿಲಿಗ್ರಾಂ. ಯಕೃತ್ತಿನ ಕುಪ್ಫರ್ ಕೋಶಗಳು ಕಣಗಳನ್ನು ನುಂಗುತ್ತವೆ, ಅವುಗಳ ಲೈಸೋಸೋಮಿನ ಹುಳಿಯಲ್ಲಿ ಆಕ್ಸೈಡ್ ನಿಧಾನವಾಗಿ ಕರಗುತ್ತದೆ, ಕಬ್ಬಿಣ ಅದನ್ನು ಕೂಡಿಡುವ ಫೆರಿಟಿನ್ ಪ್ರೋಟೀನಿಗೆ ಸೇರುತ್ತದೆ. ಪದೇ ಪದೇ ರಕ್ತ ಪಡೆಯುವ ಥಲಸ್ಸೇಮಿಯಾ ರೋಗಿಗಳಿಗೆ, ಕಬ್ಬಿಣ ಮೊದಲೇ ತುಂಬಿಕೊಂಡವರಿಗೆ ಈ ಲೆಕ್ಕ ನಡೆಯದು. ಕಬ್ಬಿಣಕ್ಕಿಂತ ತುರ್ತಿನ ಅಪಾಯ ಲೇಪನದಿಂದ ಬರಬಹುದು: ಸಕ್ಕರೆ ಸರಪಳಿಯ ಲೇಪನಗಳಿಗೆ ಕೆಲವರಲ್ಲಿ ತೀವ್ರ ಅಲರ್ಜಿ ಆಗುತ್ತದೆ.

ಆಸ್ಪತ್ರೆಗಳಲ್ಲಿ ಇಂಥದ್ದು ಬಳಕೆಯಲ್ಲಿದೆಯೇ?

ಡೆಕ್ಸ್‌ಟ್ರಾನ್ (ಸಕ್ಕರೆ ಸರಪಳಿಯ ಪಾಲಿಮರ್) ಲೇಪಿತ ಫೆರಿಡೆಕ್ಸ್‌ಗೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತ್ತು, 2008ರ ಹೊತ್ತಿಗೆ ತಯಾರಿಕೆ ನಿಂತಿತು. ಕಾರ್ಬಾಕ್ಸಿಡೆಕ್ಸ್‌ಟ್ರಾನ್ ಲೇಪಿತ ರೆಸೊವಿಸ್ಟ್ 2001ರಲ್ಲಿ ಯುರೋಪಿಗೆ ಬಂತು, ಮುಂದೆ ಜಪಾನಿನಲ್ಲಿ ಉಳಿಯಿತು. ಇಂಥದ್ದೇ ಇನ್ನೊಂದು ಕಣ ಫೆರುಮಾಕ್ಸಿಟಾಲ್‌ಗೆ 2009ರಲ್ಲಿ ಅನುಮತಿ ಸಿಕ್ಕಿದ್ದು ಚಿತ್ರಣಕ್ಕಲ್ಲ, ಮೂತ್ರಪಿಂಡ ಕಾಯಿಲೆಯವರ ರಕ್ತಹೀನತೆಗೆ. ಗ್ಯಾಡೊಲಿನಿಯಂ ಕೊಡಲಾಗದವರಲ್ಲಿ ವೈದ್ಯರು ಅದನ್ನು ಎಂಆರ್‌ಐಗೂ ಬಳಸುತ್ತಾ ಬಂದರು. 2015ರಲ್ಲಿ ಅದರ ಅಲರ್ಜಿ ಎಚ್ಚರಿಕೆಯನ್ನು ಬಿಗಿಗೊಳಿಸಿ, ವೇಗದ ಚುಚ್ಚುಮದ್ದಿನ ಬದಲು ಕನಿಷ್ಠ 15 ನಿಮಿಷದ ಡ್ರಿಪ್ ಕಡ್ಡಾಯ ಮಾಡಲಾಯಿತು.

## ಕಣ ಮಾಡುವುದು

ಸಾಮಾನ್ಯ ಕಾಲೇಜು ಲ್ಯಾಬಿನಲ್ಲಿ ಮಾಡಬಹುದಾದ ವಿಧಾನ ಹೇಳಿ, ಅಳತೆ ಸಮೇತ.

ಸಹ-ಅವಕ್ಷೇಪನ, ಅಂದರೆ ಎರಡು ಲವಣಗಳ ಕಬ್ಬಿಣವನ್ನು ದ್ರಾವಣದಿಂದ ಒಟ್ಟಿಗೆ ಕೂರಿಸುವುದು. ಇದನ್ನು ಹರಡಿದ್ದು ಫ್ರಾನ್ಸಿನ ರೆನೆ ಮಸಾರ್, 1981ರಲ್ಲಿ. ಫೆರಿಕ್ (ಮೂರು ಧನಾವೇಶದ ಕಬ್ಬಿಣ) 2 ಪಾಲು, ಫೆರಸ್ (ಎರಡು ಧನಾವೇಶದ್ದು) 1 ಪಾಲು ಬೆರೆಸಿ ಕ್ಷಾರ ಹಾಕಿದರೆ ಮ್ಯಾಗ್ನೆಟೈಟ್ ಕೂಡಲೇ ಕೂರುತ್ತದೆ.

ಸುಮಾರು 1.1 ಗ್ರಾಂ ಮ್ಯಾಗ್ನೆಟೈಟ್‌ಗೆ ಬೇಕಾದ್ದು: ಆರು ನೀರಿನಣುಗಳ ಫೆರಿಕ್ ಕ್ಲೋರೈಡ್ 2.70 ಗ್ರಾಂ (10 ಮಿಲಿಮೋಲ್), ನಾಲ್ಕು ನೀರಿನಣುಗಳ ಫೆರಸ್ ಕ್ಲೋರೈಡ್ 0.99 ಗ್ರಾಂ (5 ಮಿಲಿಮೋಲ್), 25% ಅಮೋನಿಯಾ 12 ಮಿಲಿಲೀಟರ್, ಅಯಾನುರಹಿತ ನೀರು 100 ಮಿಲಿಲೀಟರ್.

ಮೊದಲು ನೀರಿಗೆ ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಹಾಯಿಸಿ, ಕರಗಿದ ಆಮ್ಲಜನಕ ಹೊರಹೋಗಲಿ. 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿಲಿಲೀಟರ್ ಸೇರಿಸಿ, ಆಮೇಲೆ ಲವಣಗಳನ್ನು ಕರಗಿಸಿ. ಆ ಹುಳಿ ಇಲ್ಲದಿದ್ದರೆ ಬಿಸಿನೀರಿನಲ್ಲಿ ಫೆರಿಕ್ ಲವಣ ಮೊದಲೇ ಒಡೆದು ಕಂದು ಹೈಡ್ರಾಕ್ಸೈಡ್ ಆಗುತ್ತದೆ. ಮೂರು ಬಾಯಿಯ ಫ್ಲಾಸ್ಕ್‌ನಲ್ಲಿ ನೈಟ್ರೋಜನ್ ಹಾಯಿಸುತ್ತಲೇ 70 ಡಿಗ್ರಿಗೆ ಏರಿಸಿ, ಜೋರಾಗಿ ಕಲಕುತ್ತಾ ಅಮೋನಿಯಾವನ್ನು ಒಂದೇ ಸಲಕ್ಕೆ ಸುರಿಯಿರಿ. ಕ್ಷಣದಲ್ಲಿ ದ್ರಾವಣ ಇದ್ದಿಲಿನಂತೆ ಕಪ್ಪಾಗಬೇಕು. ಪಿಎಚ್ 10ರ ಹತ್ತಿರ ಇದೆಯೇ ನೋಡಿ, ಇನ್ನೂ 45 ನಿಮಿಷ ಅದೇ ತಾಪದಲ್ಲಿ ಬಿಡಿ. ತಣಿದ ಮೇಲೆ ಬಲವಾದ ನಿಯೋಡೈಮಿಯಂ ಅಯಸ್ಕಾಂತದ ಮೇಲೆ ಫ್ಲಾಸ್ಕ್ ಇಟ್ಟು, ಮೇಲಿನ ತಿಳಿ ಚೆಲ್ಲಿ, ಆಮ್ಲಜನಕ ತೆಗೆದ ನೀರಿನಿಂದ ಮೂರು ಸಲ ತೊಳೆಯಿರಿ.

ಸಿಗುವುದು 5ರಿಂದ 15 ನ್ಯಾನೋಮೀಟರ್‌ವರೆಗಿನ ಕಲಬೆರಕೆ ಗಾತ್ರ. ಮೂರನೇ ತೊಳೆತದ ಹೊತ್ತಿಗೆ ತಿಳಿ ಕಪ್ಪಾಗಿಯೇ ಉಳಿಯತೊಡಗಿದರೆ ಹೆದರಬೇಡಿ. ಲವಣ ಹೋಗಿರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳಲು ಶುರುಮಾಡಿವೆ ಅಷ್ಟೆ. ತೊಳೆಯುವುದನ್ನು ಅಲ್ಲಿಗೆ ನಿಲ್ಲಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ: ಒವನ್‌ನಲ್ಲಿ ಒಣಗಿಸಿ ಪುಡಿ ಮಾಡಿ ಇಡಬೇಡಿ. ಒಣಗುವಾಗ ಕಣಗಳ ಮೇಲಿನ ಹೈಡ್ರಾಕ್ಸಿಲ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಎಷ್ಟು ಸೋನಿಕೇಟ್ ಮಾಡಿದರೂ (ಶಬ್ದತರಂಗದಿಂದ ಕುಲುಕಿದರೂ) ಅವು ಬಿಡಿಬಿಡಿಯಾಗುವುದಿಲ್ಲ. ಅನೇಕ ಪ್ರಾಜೆಕ್ಟುಗಳು ಕೈಕೊಡುವುದು ಈ ಒಂದು ಹೆಜ್ಜೆಯಲ್ಲಿ. ಎಕ್ಸ್-ಕಿರಣ ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಒಣಗಿಸಿ, ಉಳಿದದ್ದು ಒದ್ದೆಯಾಗಿಯೇ ಲೇಪನಕ್ಕೆ ಹೋಗಲಿ.

ಕಪ್ಪು ಬರುವ ಬದಲು ಕಂದು ಬಂತು, ಅಯಸ್ಕಾಂತಕ್ಕೂ ಅಂಟುತ್ತಿಲ್ಲ. ಎಲ್ಲಿ ತಪ್ಪಿತು?

ಹತ್ತರಲ್ಲಿ ಒಂಬತ್ತು ಸಲ ತಪ್ಪು ಫೆರಸ್ ಲವಣದ್ದು. ತೆರೆದಿಟ್ಟ ಫೆರಸ್ ಕ್ಲೋರೈಡ್ ಗಾಳಿಗೆ ಫೆರಿಕ್ ಆಗುತ್ತದೆ. ಒಳ್ಳೆಯ ಸರಕು ತಿಳಿ ಹಸಿರು. ಹಳದಿ ಅಥವಾ ಕಂದು ಹೊಕ್ಕಿದ್ದರೆ ಬಳಸಬೇಡಿ. ಅದರ ಬದಲು ಮೋರ್ ಲವಣ (ಫೆರಸ್ ಅಮೋನಿಯಂ ಸಲ್ಫೇಟ್) 1.96 ಗ್ರಾಂ ಹಾಕಬಹುದು, ಗಾಳಿಗೆ ಹೆಚ್ಚು ಕಾಲ ತಡೆಯುತ್ತದೆ. ಎರಡನೇ ಕಾರಣ, ಕ್ಷಾರ ಸಾಲದಿರುವುದು. ಬಾಟಲಿ ಬಹಳ ಸಲ ತೆರೆದ ಅಮೋನಿಯಾದ ಬಲ ಇಳಿದಿರುತ್ತದೆ. ಅಳತೆ ನಂಬದೆ ಪಿಎಚ್ ನೋಡಿ. ಮೂರನೆಯದು ಹಸಿರು ಛಾಯೆ: ಕ್ಷಾರವನ್ನು ಹನಿಹನಿಯಾಗಿ ಹಾಕಿದಾಗ ಅಥವಾ ಫೆರಸ್ ಹೆಚ್ಚಾದಾಗ ಹಸಿರು ತುಕ್ಕು ಎಂಬ ನಡುವಿನ ಪದಾರ್ಥ ಹುಟ್ಟುತ್ತದೆ. ಇನ್ನು, ಕಪ್ಪಾಗಿ ಬಂದದ್ದು ವಾರಗಳಲ್ಲಿ ಚಾಕಲೇಟ್ ಬಣ್ಣಕ್ಕೆ ತಿರುಗಿದರೆ ಅದು ಮ್ಯಾಗ್ಹೆಮೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡ್ ಆಗುತ್ತಿದೆ. ಅದು ಅಯಸ್ಕಾಂತಕ್ಕೆ ಅಂಟುತ್ತದೆ, ಎಂಆರ್‌ಐಗೂ ನಡೆಯುತ್ತದೆ.

ಮ್ಯಾಗ್ನೆಟಿಕ್ ಸ್ಟಿರರ್ ಸಾಕೇ?

ಬೇಡ. ಕಣಗಳೆಲ್ಲ ಸ್ಟಿರ್ ಬಾರ್‌ಗೆ ಮೆತ್ತಿಕೊಂಡು ಗಂಟಾಗುತ್ತವೆ. ಮೇಲಿನಿಂದ ತಿರುಗುವ ಯಾಂತ್ರಿಕ ಸ್ಟಿರರ್ ಬೇಕು, ನಿಮಿಷಕ್ಕೆ 600–1,000 ಸುತ್ತು.

ಎಲ್ಲ ಕಣವೂ ಒಂದೇ ಗಾತ್ರ ಇರಬೇಕು. ಹೇಗೆ?

ನೀರನ್ನು ಬಿಟ್ಟು ಎಣ್ಣೆಗೆ ಹೋಗಬೇಕು. ದಕ್ಷಿಣ ಕೊರಿಯಾದ ಟೇಗ್ವಾನ್ ಹಿಯಾನ್ ತಂಡ 2004ರಲ್ಲಿ ತೋರಿಸಿದ ಓಲಿಯೇಟ್ ವಿಧಾನ ಈಗ ಎಲ್ಲೆಡೆ ರೂಢಿಯಲ್ಲಿದೆ.

ಮೊದಲು ಕಬ್ಬಿಣದ ಓಲಿಯೇಟ್ ಮಾಡಿಕೊಳ್ಳಿ. ಫೆರಿಕ್ ಕ್ಲೋರೈಡ್ 10.8 ಗ್ರಾಂ, ಸೋಡಿಯಂ ಓಲಿಯೇಟ್ 36.5 ಗ್ರಾಂ, ಎಥನಾಲ್ 80, ನೀರು 60, ಹೆಕ್ಸೇನ್ 140 ಮಿಲಿಲೀಟರ್. 70 ಡಿಗ್ರಿಯಲ್ಲಿ 4 ಗಂಟೆ ರಿಫ್ಲಕ್ಸ್. ಮೇಲಿನ ಕೆಂಗಂದು ಪದರವನ್ನು ನೀರಿನಿಂದ ಮೂರು ಸಲ ತೊಳೆದು, ಹೆಕ್ಸೇನ್ ಹಾರಿಸಿ. ಮೇಣದಂಥ ಪದಾರ್ಥ ಉಳಿಯುತ್ತದೆ. ಅದರಲ್ಲಿ 36 ಗ್ರಾಂ, ಓಲಿಯಿಕ್ ಆಮ್ಲ 5.7 ಗ್ರಾಂ, 1-ಆಕ್ಟಾಡೆಸೀನ್ 200 ಗ್ರಾಂ ಸೇರಿಸಿ, ನಿಮಿಷಕ್ಕೆ 3.3 ಡಿಗ್ರಿಯಂತೆ 320ಕ್ಕೆ ಏರಿಸಿ, ಅರ್ಧ ಗಂಟೆ ಹಿಡಿದಿಡಿ. ಸಿಗುವುದು 12 ನ್ಯಾನೋಮೀಟರ್. ಇಷ್ಟು ದೊಡ್ಡ ಪ್ರಮಾಣ ಬೇಡವೆಂದರೆ ಎಲ್ಲವನ್ನೂ ಹತ್ತನೇ ಒಂದಕ್ಕೆ ಇಳಿಸಿ.

ಗಾತ್ರ ಬದಲಿಸಲು ದ್ರಾವಕ ಬದಲಿಸಬೇಕು, ಏಕೆಂದರೆ ಕುದಿಯುವ ತಾಪವೇ ಬೆಳವಣಿಗೆಯನ್ನು ನಿರ್ಧರಿಸುತ್ತದೆ. ಅದೇ ಕೆಲಸದಲ್ಲಿ 1-ಹೆಕ್ಸಾಡೆಸೀನ್ ಕೊಟ್ಟದ್ದು 5 ನ್ಯಾನೋಮೀಟರ್, ಆಕ್ಟೈಲ್ ಈಥರ್ 9, 1-ಐಕೊಸೀನ್ 16, ಟ್ರೈಆಕ್ಟೈಲಮೀನ್ 22. ಬಿಸಿ ಏರಿಸುವ ವೇಗ ಒಂದು ದಿನ 3, ಮರುದಿನ 6 ಡಿಗ್ರಿ ಆದರೆ ಎರಡು ದಿನದ ಸರಕು ಒಂದೇ ಆಗುವುದಿಲ್ಲ. ತಾಪ ನಿಯಂತ್ರಕವಿಲ್ಲದೆ, ಬರೀ ಮ್ಯಾಂಟಲ್ ಗುಂಡಿ ತಿರುಗಿಸಿ ಇದನ್ನು ಮಾಡಲು ಹೊರಡಬೇಡಿ.

ಓಲಿಯೇಟ್ ಬಿಸಿಮಾಡುವಾಗ ಉಕ್ಕಿ ಕಂಡೆನ್ಸರ್ ತನಕ ಬಂತು. ಸಿಕ್ಕ ಕಣಗಳ ಅಯಸ್ಕಾಂತತೆಯೂ ಬಹಳ ಕಡಿಮೆ. ಯಾಕೆ?

ಎರಡೂ ಬೇರೆ ಬೇರೆ ತೊಂದರೆ. ಉಕ್ಕುವುದು ಓಲಿಯೇಟ್‌ನಲ್ಲಿ ಉಳಿದ ನೀರು, ಎಥನಾಲ್, ಹೆಕ್ಸೇನ್‌ನಿಂದ. 110 ಡಿಗ್ರಿಯಲ್ಲಿ ಒಂದು ಗಂಟೆ ನಿರ್ವಾತದಲ್ಲಿ ಇಟ್ಟು, ಗುಳ್ಳೆ ಪೂರ್ತಿ ನಿಂತ ಮೇಲಷ್ಟೇ ಮುಂದಕ್ಕೆ ಹೋಗಿ. ಫ್ಲಾಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಫ್ಯೂಮ್ ಹುಡ್‌ನ ಗಾಜು ಇಳಿಸಿಯೇ ಕೆಲಸ ಮಾಡಿ. 320 ಡಿಗ್ರಿಯ ಎಣ್ಣೆ ಚರ್ಮಕ್ಕೆ ಬಿದ್ದರೆ ಆಗುವ ಸುಟ್ಟಗಾಯ ಘೋರ.

ಅಯಸ್ಕಾಂತತೆ ಕುಗ್ಗುವುದು ವುಸ್ಟೈಟ್ ಎಂಬ ಫೆರಸ್ ಆಕ್ಸೈಡ್‌ನಿಂದ. ಆಕ್ಸಿಜನ್ ಇಲ್ಲದ ಎಣ್ಣೆಯಲ್ಲಿ ಬಿಸಿಗೆ ಒಡೆಯುವ ಓಲಿಯೇಟ್ ತಾನೇ ಅಪಕರ್ಷಕವಾಗಿ ಫೆರಿಕ್ ಅನ್ನು ಫೆರಸ್‌ಗೆ ಇಳಿಸುತ್ತದೆ. ಕಣದ ಒಳತಿರುಳು ವುಸ್ಟೈಟ್, ಹೊರಚಿಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ವುಸ್ಟೈಟ್‌ಗೆ ಕೋಣೆಯ ತಾಪದಲ್ಲಿ ಅಂಥ ಅಯಸ್ಕಾಂತತೆ ಇಲ್ಲ. ದೊಡ್ಡ ಕಣಗಳಲ್ಲಿ ಈ ಕಾಟ ಹೆಚ್ಚು. ನಿಯಂತ್ರಿತವಾಗಿ ಆಕ್ಸಿಡೀಕರಿಸಿದರೆ ಸರಿಹೋಗುತ್ತದೆ. ಆದರೆ ಬಿಸಿ ಎಣ್ಣೆಗೆ ಗಾಳಿ ಬಿಡುವುದು ಬೆಂಕಿಗೆ ದಾರಿ, ಹಾಗಾಗಿ ಜಡ ಅನಿಲದಲ್ಲಿ ಬೆರೆಸಿದ 1% ಆಕ್ಸಿಜನ್ ಬಳಸುತ್ತಾರೆ.

## ಲೇಪನ

ಲೇಪನ ಇಲ್ಲದೆಯೇ ನೀರಿನಲ್ಲಿ ಚೆನ್ನಾಗಿ ತೇಲುತ್ತಿದೆ. ಮತ್ತೆ ಯಾಕೆ ಬೇಕು?

ತೇಲುತ್ತಿರುವುದು ಪಿಎಚ್ 9–10ರಲ್ಲಿ, ಲವಣವಿಲ್ಲದ ನೀರಿನಲ್ಲಿ. ಬರಿ ಮ್ಯಾಗ್ನೆಟೈಟ್‌ನ ಮೇಲ್ಮೈ ವಿದ್ಯುದಾವೇಶ ಪಿಎಚ್ 6.5–7ರ ಆಸುಪಾಸಿನಲ್ಲಿ ಸೊನ್ನೆಯಾಗುತ್ತದೆ. ರಕ್ತದ ಪಿಎಚ್ 7.4. ಅಂದರೆ ನಿಮಗೆ ಬೇಕಾದ ಜಾಗದಲ್ಲೇ ಕಣಗಳನ್ನು ದೂರವಿಡುವ ಬಲ ಇಲ್ಲದಂತಾಗುತ್ತದೆ. ಅದರ ಮೇಲೆ ರಕ್ತದ ಉಪ್ಪು ಇದ್ದಷ್ಟು ಆವೇಶವನ್ನೂ ಮರೆಮಾಡುತ್ತದೆ.

ಸಿಟ್ರೇಟ್ ಲೇಪನ ಹೇಗೆ ಮಾಡುವುದು?

ಅಗ್ಗ, ಸರಳ, ಕಲಿಯಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಮೇಲಿನ 1.1 ಗ್ರಾಂ ಒದ್ದೆ ಮ್ಯಾಗ್ನೆಟೈಟ್ ಅನ್ನು 80 ಮಿಲಿಲೀಟರ್ ನೀರಿನಲ್ಲಿ ಹರಡಿ. 2 ಗ್ರಾಂ ಸಿಟ್ರಿಕ್ ಆಮ್ಲವನ್ನು 4 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಹಾಕಿ, ಅಮೋನಿಯಾದಿಂದ ಪಿಎಚ್ ಅನ್ನು 5ರ ಹತ್ತಿರ ತನ್ನಿ, ನೈಟ್ರೋಜನ್‌ನಡಿ 80–90 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ. ಕಾರ್ಬಾಕ್ಸಿಲ್‌ಗಳಲ್ಲಿ ಒಂದೆರಡು ಕಬ್ಬಿಣವನ್ನು ಹಿಡಿಯುತ್ತವೆ, ಉಳಿದದ್ದು ಋಣಾವೇಶ ಹೊತ್ತು ಹೊರಚಾಚುತ್ತದೆ.

ತಣಿದ ಮೇಲೆ ಅಸಿಟೋನ್ ಸುರಿದರೆ ಕಣಗಳು ಕೂರುತ್ತವೆ. ಬರಿ ಅಯಸ್ಕಾಂತ ಇಟ್ಟು ಕಾಯಬೇಡಿ. ಚೆನ್ನಾಗಿ ಲೇಪನಗೊಂಡ 10 ನ್ಯಾನೋಮೀಟರ್ ಕಣವನ್ನು ಅದು ಸುಲಭವಾಗಿ ಎಳೆಯಲಾರದು. ಎಳೆದುಬಿಟ್ಟರೆ ಗಂಟುಗಳಿವೆ ಎಂದೇ ಅರ್ಥ. ಅಸಿಟೋನ್ ತೊಳೆತ ಎರಡಾದ ಮೇಲೆ ನೀರಿಗೆ ಹಾಕಿ, ಪಿಎಚ್ 7.5ಕ್ಕೆ ತಂದು, 12–14 ಕಿಲೋಡಾಲ್ಟನ್ ಡಯಾಲಿಸಿಸ್ ಚೀಲದಲ್ಲಿ ಎರಡು ದಿನ ಇಡಿ, ದಿನಕ್ಕೆ ಮೂರು ಸಲ ನೀರು ಬದಲಿಸಿ. ಜೀಟಾ ವಿಭವ (ಕಣದ ಮೇಲ್ಮೈ ಆವೇಶದ ಅಳತೆ) ಮೈನಸ್ 30 ಮಿಲಿವೋಲ್ಟ್ ಅಥವಾ ಅದಕ್ಕೂ ಕೆಳಗೆ ಬರಬೇಕು.

ಹುಳಿ ಹೆಚ್ಚಾದರೆ ಅಥವಾ ಬಿಸಿ ಹೆಚ್ಚು ಹೊತ್ತಾದರೆ ಸಿಟ್ರಿಕ್ ಆಮ್ಲ ಕಣವನ್ನೇ ಕರಗಿಸುತ್ತದೆ. ಅಸಿಟೋನ್ ತಿಳಿ ಹಳದಿ-ಹಸಿರಾಗಿದ್ದರೆ ಕರಗಿದ ಕಬ್ಬಿಣ ಅದರಲ್ಲಿದೆ.

ಪಿಬಿಎಸ್‌ಗೆ (ಫಾಸ್ಫೇಟ್ ಇರುವ ಉಪ್ಪಿನ ಬಫರ್) ಹಾಕಿದ ಕೂಡಲೇ ಹಾಲು ಒಡೆದಂತೆ ಒಡೆಯುತ್ತದೆ. ಏನು ಮಾಡಲಿ?

ಸಿಟ್ರೇಟ್ ಕಣಗಳನ್ನು ಬಿಡಿಬಿಡಿಯಾಗಿ ಇಟ್ಟಿರುವುದು ಆವೇಶದ ತಳ್ಳಾಟ ಮಾತ್ರ. 150 ಮಿಲಿಮೋಲಾರ್ ಉಪ್ಪಿನಲ್ಲಿ ಆ ತಳ್ಳಾಟ ಒಂದು ನ್ಯಾನೋಮೀಟರ್ ದೂರವೂ ತಲುಪುವುದಿಲ್ಲ. ಪಿಬಿಎಸ್‌ನಲ್ಲಿ ಇನ್ನೊಂದು ಶತ್ರು ಇದೆ: ಫಾಸ್ಫೇಟ್. ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದು, ಕೂತಿರುವ ಕಾರ್ಬಾಕ್ಸಿಲ್ ಗುಂಪುಗಳನ್ನು ಎಬ್ಬಿಸುತ್ತದೆ. ಯಾವುದು ಕೆಡಿಸುತ್ತಿದೆ ಎಂದು ತಿಳಿಯಲು ಮೂರು ಸೀಸೆ ಇಡಿ. ಒಂದರಲ್ಲಿ ಉಪ್ಪು ಬೆರೆಸಿದ, ಫಾಸ್ಫೇಟ್ ಇಲ್ಲದ ಹೆಪೆಸ್ ಬಫರ್, ಇನ್ನೊಂದರಲ್ಲಿ ಪಿಬಿಎಸ್, ಮೂರನೆಯದರಲ್ಲಿ 10% ಸೀರಂ. 37 ಡಿಗ್ರಿಯಲ್ಲಿ 24 ಗಂಟೆ ಬಿಟ್ಟು ಗಾತ್ರ ಅಳೆಯಿರಿ. ಮೊದಲನೆಯದೇ ಒಡೆದರೆ ತೊಂದರೆ ಉಪ್ಪಿನದು: ಉದ್ದ ಸರಪಳಿಯ ಪಾಲಿಮರ್ ಬೇಕು. ಅದು ನಿಂತು ಪಿಬಿಎಸ್ ಮಾತ್ರ ಒಡೆದರೆ ತೊಂದರೆ ಹಿಡಿತದ್ದು: ಕಾರ್ಬಾಕ್ಸಿಲ್ ಬದಲು ಫಾಸ್ಫೊನೇಟ್ ಅಥವಾ ಕ್ಯಾಟೆಕಾಲ್ ಕೊಕ್ಕೆ ಬೇಕು. ಬಟ್ಟಿ ನೀರಿನಲ್ಲಿ ಆರು ತಿಂಗಳು ಚೆನ್ನಾಗಿತ್ತು ಅನ್ನುವ ಮಾತಿಗೆ ಈ ಕೆಲಸದಲ್ಲಿ ಬೆಲೆ ಇಲ್ಲ.

ಡೆಕ್ಸ್‌ಟ್ರಾನ್ ಅನ್ನು ಕಣ ಆದ ಮೇಲೆ ಹಾಕಬೇಕೋ, ಜೊತೆಗೇ ಹಾಕಬೇಕೋ?

ಜೊತೆಗೆ. 1982ರ ಮೋಲ್ಡೇ ಮತ್ತು ಮೆಕೆಂಜಿ ವಿಧಾನದಲ್ಲಿ 40 ಕಿಲೋಡಾಲ್ಟನ್ ಡೆಕ್ಸ್‌ಟ್ರಾನ್‌ನ 50% ದ್ರಾವಣ 10 ಮಿಲಿಲೀಟರ್‌ಗೆ, ಫೆರಿಕ್ ಕ್ಲೋರೈಡ್ 1.51 ಗ್ರಾಂ ಮತ್ತು ಫೆರಸ್ ಕ್ಲೋರೈಡ್ 0.64 ಗ್ರಾಂ ಕರಗಿಸಿದ 10 ಮಿಲಿಲೀಟರ್ ನೀರು ಸೇರುತ್ತದೆ. 60–65 ಡಿಗ್ರಿಯಲ್ಲಿ 7.5% ಅಮೋನಿಯಾವನ್ನು ಹನಿಹನಿಯಾಗಿ ಹಾಕುತ್ತಾ ಪಿಎಚ್ 10–11ಕ್ಕೆ ತಂದು, 15 ನಿಮಿಷ ಇಡುತ್ತಾರೆ. ಆಮೇಲೆ 600 ಜಿ ವೇಗದಲ್ಲಿ 5 ನಿಮಿಷದಂತೆ ಮೂರು ಸಲ ಸೆಂಟ್ರಿಫ್ಯೂಜ್ ಮಾಡಿ ಗಂಟುಗಳನ್ನು ತೆಗೆದು, ಬಿಡಿ ಡೆಕ್ಸ್‌ಟ್ರಾನ್ ಅನ್ನು ಜೆಲ್ ಕಾಲಂನಲ್ಲಿ ಬೇರ್ಪಡಿಸುತ್ತಾರೆ. ಲವಣಗಳ ಅನುಪಾತ ಇಲ್ಲಿ ಸುಮಾರು 1.74ಕ್ಕೆ 1, ಗಾಳಿಗೆ ಕಳೆದುಹೋಗುವ ಫೆರಸ್ಸನ್ನು ಅದು ತುಂಬಿಕೊಡುತ್ತದೆ.

ಹಾಲು ಕಾಯಿಸುವಾಗ ಆಡುವ ಸೌಟಿನಂತೆ, ಕಣ ಹುಟ್ಟುವ ಕ್ಷಣದಲ್ಲೇ ಗಟ್ಟಿ ಪಾಲಿಮರ್ ಸುತ್ತಲೂ ಇರುವುದರಿಂದ ಬೆಳವಣಿಗೆಗೂ ಗಂಟಿಗೂ ಕಡಿವಾಣ ಬೀಳುತ್ತದೆ. ಹನಿಹನಿಯಾಗಿ ಹಾಕಿದರೂ ಇಲ್ಲಿ ನಡೆಯುವುದು ಅದಕ್ಕೇ. ಆದರೆ ಡೆಕ್ಸ್‌ಟ್ರಾನ್ ಹಿಡಿದಿರುವುದು ಹೈಡ್ರೋಜನ್ ಬಂಧಗಳಿಂದ, ನೀರು ಹೆಚ್ಚಿಸಿದರೆ ಮೆಲ್ಲಗೆ ಕಳಚುತ್ತದೆ. ಎಪಿಕ್ಲೋರೋಹೈಡ್ರಿನ್‌ನಿಂದ ಸರಪಳಿಗಳನ್ನು ಒಂದಕ್ಕೊಂದು ಹೆಣೆದರೆ ಕಳಚುವುದಿಲ್ಲ, ಅಮೋನಿಯಾ ಸೇರಿಸಿದರೆ ಅಮೀನ್ ಹಿಡಿಕೆಗಳೂ ಸಿಗುತ್ತವೆ. ಎಪಿಕ್ಲೋರೋಹೈಡ್ರಿನ್ ಕ್ಯಾನ್ಸರ್‌ಕಾರಕ. ಹುಡ್, ಸರಿಯಾದ ಕೈಗವಸು ಇಲ್ಲದೆ ಮುಟ್ಟಬಾರದು; ಪೂರ್ತಿ ತೆಗೆಯದೆ ಪ್ರಾಣಿಗೂ ಜೀವಕೋಶಕ್ಕೂ ಕೊಡಬಾರದು.

ಹೆಕ್ಸೇನ್‌ನಲ್ಲಿರುವ ಕಣಗಳನ್ನು ನೀರಿಗೆ ತರುವುದು ಹೇಗೆ?

ಎರಡು ದಾರಿ. ಓಲಿಯಿಕ್ ಆಮ್ಲವನ್ನು ಹೊರದೂಡಿ ಬೇರೆ ಲೇಪನ ಕೂರಿಸುವುದು ಒಂದು. ಅದರ ಮೇಲೆಯೇ, ಒಳಗಡೆ ಕೊಬ್ಬು ಹೊರಗಡೆ ಕಾರ್ಬಾಕ್ಸಿಲ್ ಇರುವ ಪಾಲಿಮರ್ ಹೊದಿಸುವುದು ಇನ್ನೊಂದು. ಎರಡನೆಯದು ಹೊಸಬರ ಕೈಗೆ ಬೇಗ ಹತ್ತುತ್ತದೆ: ಮ್ಯಾಲೇಯಿಕ್ ಅನ್‌ಹೈಡ್ರೈಡ್–ಆಕ್ಟಾಡೆಸೀನ್ ಪಾಲಿಮರ್ ಮತ್ತು ಕಣಗಳನ್ನು ಕ್ಲೋರೋಫಾರ್ಮ್‌ನಲ್ಲಿ ಬೆರೆಸಿ, ದ್ರಾವಕವನ್ನು ನಿಧಾನವಾಗಿ ಹಾರಿಸಿ, ಉಳಿದ ಪೊರೆಯನ್ನು ಪಿಎಚ್ 9ರ ಬಫರ್‌ನಲ್ಲಿ ಕರಗಿಸಬೇಕು. ಮೊದಲು ಎಥನಾಲ್‌ನಿಂದ ಕಣಗಳನ್ನು ಎರಡು ಮೂರು ಸಲ ತೊಳೆದಿರಲೇಬೇಕು. ಬಿಡಿ ಓಲಿಯಿಕ್ ಆಮ್ಲ ಉಳಿದಿದ್ದರೆ ಪಾಲಿಮರ್ ಅದನ್ನೇ ಸುತ್ತಿಕೊಂಡು ಬರಿ ಮಿಸೆಲ್ (ಕಣವಿಲ್ಲದ ಪುಟ್ಟ ಉಂಡೆ) ಆಗುತ್ತದೆ. ಅತಿಯಾಗಿ ತೊಳೆದರೂ ಕಣಗಳು ಗಂಟಾಗುತ್ತವೆ.

ಮೊದಲ ದಾರಿಯಲ್ಲಿ ಡೋಪಮೈನ್ ಕೊಕ್ಕೆ ಬಹಳ ಜನಪ್ರಿಯ. ಆದರೆ ಅದು ಮೇಲ್ಮೈಯ ಫೆರಿಕ್ ಜೊತೆ ವರ್ತಿಸಿ ತಾನೇ ಆಕ್ಸಿಡೀಕರಣಗೊಂಡು ಕಳಚಬಹುದು. ನೈಟ್ರೋ ಗುಂಪಿರುವ ಕ್ಯಾಟೆಕಾಲ್ ಅದಕ್ಕಿಂತ ಗಟ್ಟಿ.

ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಲೇಪನದ ಪಾಲಿಮರ್) ಎಷ್ಟು ಹಾಕಬೇಕು? ಎಲ್ಲರೂ ಒಂದೊಂದು ಹೇಳುತ್ತಾರೆ.

ಲೆಕ್ಕ ಹಾಕಿ. 10 ನ್ಯಾನೋಮೀಟರ್ ಕಣಗಳ ಒಂದು ಗ್ರಾಂನ ಒಟ್ಟು ಮೇಲ್ಮೈ ಸುಮಾರು 116 ಚದರ ಮೀಟರ್. ಚದರ ನ್ಯಾನೋಮೀಟರಿಗೆ ಒಂದು ಸರಪಳಿ ಎಂದುಕೊಂಡರೆ 0.19 ಮಿಲಿಮೋಲ್ ಬೇಕು. ಪೆಗ್‌ನ ಅಣುತೂಕ 5,000 ಆದರೆ ಅದು ಸುಮಾರು 1 ಗ್ರಾಂ. ಹಾಕಿದ್ದೆಲ್ಲ ಕೂರುವುದಿಲ್ಲ, ಹಾಗಾಗಿ ಮೂರು ಪಟ್ಟಿನಿಂದ ಶುರುಮಾಡಿ. ಕಣದ ತೂಕಕ್ಕೆ 10% ಪೆಗ್ ಹಾಕಿ ಲೇಪನವಾಯಿತು ಎನ್ನುವ ವರದಿಗಳಲ್ಲಿ ಮುಕ್ಕಾಲು ಮೇಲ್ಮೈಗಿಂತ ಹೆಚ್ಚು ಬತ್ತಲೆಯಾಗಿಯೇ ಇರುತ್ತದೆ.

## ಅಳತೆ, ಪರೀಕ್ಷೆ

ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) 10 ನ್ಯಾನೋಮೀಟರ್, ಡಿಎಲ್‌ಎಸ್‌ನಲ್ಲಿ (ಚದುರಿದ ಬೆಳಕಿನಿಂದ ಗಾತ್ರ ಅಳೆಯುವ ಯಂತ್ರ) 90. ಯಾವುದು ನಿಜ?

ಎರಡೂ. ಟಿಇಎಂ ಕಾಣಿಸುವುದು ಒಣಗಿದ ಕಣದ ತಿರುಳನ್ನು. ಡಿಎಲ್‌ಎಸ್ ಅಳೆಯುವುದು ಲೇಪನ, ಅಂಟಿದ ನೀರು, ಜೋಡಿಕೊಂಡ ಕಣ ಎಲ್ಲ ಸೇರಿ ಚಲಿಸುವ ಉಂಡೆಯನ್ನು. ತೆಳು ಲೇಪನದ 10 ನ್ಯಾನೋಮೀಟರ್ ಕಣ 20–35 ತೋರಿಸಿದರೆ ಅದು ಒಂಟಿ ಕಣ, 90 ತೋರಿಸಿದರೆ ಗೊಂಚಲು. ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಹೆಚ್ಚುವುದರಿಂದ, 100 ನ್ಯಾನೋಮೀಟರಿನ ಒಂದು ಗಂಟು 10 ನ್ಯಾನೋಮೀಟರಿನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚದುರಿಸುತ್ತದೆ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಮತ್ತೆ ಅಳೆಯಿರಿ. ಫಿಲ್ಟರ್ ಕಪ್ಪಾಗಿ ದ್ರಾವಣ ತೆಳುವಾದರೆ ಉತ್ತರ ಸಿಕ್ಕಂತೆ.

ಟಿಇಎಂ ಇಲ್ಲದ ಕಾಲೇಜುಗಳವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಪರೀಕ್ಷಾ ಸೌಲಭ್ಯವನ್ನು ಶುಲ್ಕ ಕೊಟ್ಟು ಬಳಸಬಹುದು. ಅಯಸ್ಕಾಂತೀಯ ಮಾದರಿ ಎಂದು ಮೊದಲೇ ತಿಳಿಸಿ. ಸಡಿಲ ಪುಡಿ ಹಾರಿ ಮಸೂರಕ್ಕೆ ಅಂಟಿದರೆ ಯಂತ್ರ ಕೆಡುತ್ತದೆ.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆ) ಮ್ಯಾಗ್ನೆಟೈಟ್ ಎಂದು ಬಂದಿದೆ. ಹಾಗೆಂದು ಬರೆಯಬಹುದೇ?

35.5 ಡಿಗ್ರಿಯ ದೊಡ್ಡ ಶಿಖರ ಮ್ಯಾಗ್ನೆಟೈಟ್‌ಗೂ ಮ್ಯಾಗ್ಹೆಮೈಟ್‌ಗೂ ಹೆಚ್ಚುಕಡಿಮೆ ಒಂದೇ ಕಡೆ. ನ್ಯಾನೋಕಣಗಳಲ್ಲಿ ಶಿಖರ ಅಗಲವಾಗುವುದರಿಂದ ಬೇರ್ಪಡಿಸುವುದು ಇನ್ನೂ ಕಷ್ಟ. ಫೆರಸ್, ಫೆರಿಕ್ ಕಬ್ಬಿಣವನ್ನು ಬೇರೆಬೇರೆಯಾಗಿ ತೋರಿಸುವ ಮಾಸ್‌ಬಾವರ್ ವರ್ಣಪಟಲ ಇಲ್ಲದಿದ್ದರೆ "ಮ್ಯಾಗ್ನೆಟೈಟ್/ಮ್ಯಾಗ್ಹೆಮೈಟ್" ಎಂದು ಬರೆಯುವುದೇ ಪ್ರಾಮಾಣಿಕ.

ಕಬ್ಬಿಣದ ಪ್ರಮಾಣ ಅಳೆಯುವುದು ಹೇಗೆ? ಐಸಿಪಿ (ಲೋಹದ ಪ್ರಮಾಣ ಅಳೆಯುವ ಪ್ಲಾಸ್ಮಾ ಯಂತ್ರ) ಇಲ್ಲ.

ಫೆರಸ್ ಜೊತೆ ಬಣ್ಣ ಕೊಡುವ ಫೆನಾಂತ್ರೋಲಿನ್ ಸಾಕು. 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ ಇಟ್ಟು, ಕಪ್ಪು ಪೂರ್ತಿ ಹೋಗಿ ತಿಳಿ ಹಳದಿ ಆಗುವವರೆಗೆ ಕರಗಿಸಿ. ಹೈಡ್ರಾಕ್ಸಿಲಮೀನ್‌ನಿಂದ ಎಲ್ಲವನ್ನೂ ಫೆರಸ್‌ಗೆ ಇಳಿಸಿ, ಅಸಿಟೇಟ್ ಬಫರ್ ಮತ್ತು ಫೆನಾಂತ್ರೋಲಿನ್ ಹಾಕಿ, ಕಿತ್ತಳೆ ಬಣ್ಣವನ್ನು 510 ನ್ಯಾನೋಮೀಟರ್‌ನಲ್ಲಿ ಓದಿ. ಮಾನಕಕ್ಕೆ ತಾಜಾ ಮೋರ್ ಲವಣ. ಕಣ ಪೂರ್ತಿ ಕರಗದಿದ್ದರೆ ಅಳತೆ ಕಡಿಮೆ ಬರುತ್ತದೆ, ಆಮೇಲೆ ರಿಲ್ಯಾಕ್ಸಿವಿಟಿ (ಇಂತಿಷ್ಟು ಕಬ್ಬಿಣ ಟಿ1, ಟಿ2 ಅನ್ನು ಎಷ್ಟು ಕುಗ್ಗಿಸುತ್ತದೆ ಎಂಬ ಅಳತೆ) ಸುಳ್ಳುಸುಳ್ಳೇ ಹೆಚ್ಚಾಗಿ ಕಾಣುತ್ತದೆ. ನಂಬಲಾಗದಷ್ಟು ದೊಡ್ಡ ಅಂಕಿ ಕಂಡಾಗ ಮೊದಲು ಅನುಮಾನಿಸಬೇಕಾದ್ದು ಇದನ್ನು.

ರಿಲ್ಯಾಕ್ಸಿವಿಟಿ ಅಳೆಯುವ ಸರಿಯಾದ ಕ್ರಮ ಏನು?

ಕಬ್ಬಿಣ 0.05ರಿಂದ 0.5 ಮಿಲಿಮೋಲಾರ್‌ವರೆಗೆ ಐದಾರು ದುರ್ಬಲ ದ್ರಾವಣ ಮಾಡಿ, ಪ್ರತಿಯೊಂದರ ಟಿ2 ಅಳೆದು, 1/ಟಿ2 ಅನ್ನು ಸಾಂದ್ರತೆಯ ಎದುರು ಇಟ್ಟರೆ ಗೆರೆಯ ಇಳಿಜಾರೇ ಆರ್2. ಆರ್2 ಮೌಲ್ಯ (ಪ್ರತಿ ಮಿಲಿಮೋಲಾರ್‌ಗೆ, ಪ್ರತಿ ಸೆಕೆಂಡಿಗೆ) 100 ಇದ್ದರೆ 0.1 ಮಿಲಿಮೋಲಾರ್‌ನಲ್ಲಿ ಟಿ2 ಸುಮಾರು 96 ಮಿಲಿಸೆಕೆಂಡ್ ಬರಬೇಕು. ಗೆರೆ ಬಾಗಿದ್ದರೆ ಕಣಗಳು ಗಂಟಾಗುತ್ತಿವೆ ಅಥವಾ ಅಳೆಯುವಷ್ಟರಲ್ಲಿ ತಳ ಕೂರುತ್ತಿವೆ. ಕ್ಷೇತ್ರದ ಬಲ ಮತ್ತು ತಾಪ ಬರೆಯದ ಆರ್2 ಯಾರಿಗೂ ಉಪಯೋಗವಿಲ್ಲ.

ಗೊಂಚಲುಗಳಿಗೆ ಆರ್2 ಹೆಚ್ಚು ಬರುತ್ತದೆ ಎಂದು ಹಿಗ್ಗಬೇಡಿ. ನಿಯಂತ್ರಿತ ಗೊಂಚಲು ಬೇರೆ, ಕೆಟ್ಟ ಲೇಪನದ ಗಂಟು ಬೇರೆ. ಬೆಳ್ಳಗಿನ ಚಿತ್ರ ಬೇಕಿದ್ದರೆ 3 ನ್ಯಾನೋಮೀಟರ್ ಆಸುಪಾಸಿನ ಕಣ ಮಾಡಿ. ಅವುಗಳ ಅಯಸ್ಕಾಂತತೆ ಕಡಿಮೆ, ಮೇಲ್ಮೈ ಹೆಚ್ಚು, ಹಾಗಾಗಿ ಟಿ1 ಪರಿಣಾಮ ಮೇಲುಗೈ ಪಡೆಯುತ್ತದೆ. ಅಗರ್ ಮಾದರಿಯಲ್ಲಿ ಗಾಳಿಗುಳ್ಳೆ ಬಿಡಬೇಡಿ, ಅದೂ ಕಪ್ಪಾಗಿಯೇ ಕಾಣುತ್ತದೆ.

## ದೇಹದ ಹತ್ತಿರ

ಏನು ಮಾಡಿದರೂ ಕಣಗಳೆಲ್ಲ ಯಕೃತ್ತಿಗೇ ಹೋಗುತ್ತವೆ. ತಡೆಯಬಹುದೇ?

ಪೂರ್ತಿ ತಡೆಯಲಾಗದು, ಮುಂದೂಡಬಹುದು. ಒಟ್ಟು ಗಾತ್ರ 80–150 ನ್ಯಾನೋಮೀಟರ್ ಇದ್ದ ಫೆರಿಡೆಕ್ಸ್‌ನ ಬಹುಪಾಲು ನಿಮಿಷಗಳಲ್ಲಿ ಯಕೃತ್ತಿಗೂ ಗುಲ್ಮಕ್ಕೂ ಸೇರುತ್ತಿತ್ತು. ಆರೋಗ್ಯವಂತ ಭಾಗ ಕಪ್ಪಾಗಿ, ಕುಪ್ಫರ್ ಕೋಶಗಳಿಲ್ಲದ ಗಡ್ಡೆ ಬೆಳ್ಳಗೆ ಉಳಿಯುತ್ತಿತ್ತು. ತೊಂದರೆಯನ್ನೇ ಅಲ್ಲಿ ಉಪಾಯ ಮಾಡಿಕೊಂಡರು. 50ಕ್ಕಿಂತ ಕೆಳಗಿನ, ಒತ್ತಾದ ಲೇಪನದ ಕಣಗಳು ಗಂಟೆಗಟ್ಟಲೆ ರಕ್ತದಲ್ಲಿ ಸುತ್ತಿ ದುಗ್ಧಗ್ರಂಥಿಗಳಿಗೂ ತಲುಪುತ್ತವೆ. ಅಂಥ ಕಣವಾದ ಫೆರುಮಾಕ್ಸ್‌ಟ್ರಾನ್ ಬಳಸುವಾಗ ಚಿತ್ರ ತೆಗೆಯುವುದು 24–36 ಗಂಟೆಗಳ ಬಳಿಕ.

ಇಲಿಗೆ ಕೊಡುವ ಮೊದಲು ಆಟೋಕ್ಲೇವ್ ಮಾಡಿದರೆ ಸಾಕಲ್ಲ?

ಸಾಲದು. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅವು ಬಿಟ್ಟುಹೋದ ಎಂಡೋಟಾಕ್ಸಿನ್ ಎಂಬ ವಿಷ ಉಳಿಯುತ್ತದೆ. 121 ಡಿಗ್ರಿಯಲ್ಲಿ ಸಿಟ್ರೇಟ್ ಲೇಪನ ಗಂಟಾಗಲೂಬಹುದು. 0.22 ಮೈಕ್ರಾನ್ ಸೋಸುವಿಕೆಯೇ ಮೊದಲ ಆಯ್ಕೆ. ಎಂಡೋಟಾಕ್ಸಿನ್ ತಡೆಯಲು ಆರಂಭದಿಂದಲೇ ಶುದ್ಧ ನೀರು, ಸುಟ್ಟು ಶುದ್ಧಗೊಳಿಸಿದ ಗಾಜು ಬೇಕು. ಎಂಡೋಟಾಕ್ಸಿನ್ ಪತ್ತೆಮಾಡುವ ಎಲ್‌ಎಎಲ್ ಪರೀಕ್ಷೆಯಲ್ಲಿ ಕಣಗಳ ಬಣ್ಣ ಬೆಳಕಿನ ಅಳತೆಯನ್ನು ಕೆಡಿಸುತ್ತದೆ, ಸೆಲ್ಯುಲೋಸ್ ಡಯಾಲಿಸಿಸ್ ಚೀಲದಿಂದ ಜಿನುಗುವ ಬೀಟಾ-ಗ್ಲೂಕನ್ ಇಲ್ಲದ ಎಂಡೋಟಾಕ್ಸಿನ್ ತೋರಿಸುತ್ತದೆ. ಗೊತ್ತಿರುವ ಪ್ರಮಾಣ ಬೆರೆಸಿ, ಅದು 50–200%ರೊಳಗೆ ಮರಳಿ ಸಿಗುತ್ತದೆಯೇ ನೋಡದೆ ಫಲಿತಾಂಶ ನಂಬಬೇಡಿ.

ಫ್ರೀಜರ್‌ನಲ್ಲಿ ಇಡಬಹುದೇ?

ಬೇಡ. ಮಂಜುಗಡ್ಡೆಯ ಹರಳುಗಳು ಕಣಗಳನ್ನು ಮೂಲೆಗೆ ಒತ್ತಿ ಬೆಸೆಯುತ್ತವೆ. 4 ಡಿಗ್ರಿಯಲ್ಲಿ, ನೈಟ್ರೋಜನ್ ತುಂಬಿದ ಮುಚ್ಚಿದ ಸೀಸೆಯಲ್ಲಿ ಇಡಿ. ಪುಡಿಯೇ ಬೇಕಿದ್ದರೆ ಟ್ರೆಹಲೋಸ್ ಸೇರಿಸಿ ಫ್ರೀಜ್-ಡ್ರೈ ಮಾಡಿ. ಸ್ಟಿರರ್, ಅಯಸ್ಕಾಂತಗಳ ಪಕ್ಕದಲ್ಲಿ ಸೀಸೆ ಇಡಬೇಡಿ.

ನಮ್ಮ ಕಣಗಳನ್ನು ರೋಗಿಗಳ ಮೇಲೆ ಪರೀಕ್ಷಿಸಲು ಭಾರತದಲ್ಲಿ ಏನು ಬೇಕು?

ಪ್ರಾಣಿ ಪ್ರಯೋಗಕ್ಕೇ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಮನುಷ್ಯರ ವಿಷಯದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯಿಸುತ್ತವೆ. ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆಂದೇ ಅದೇ ವರ್ಷ ಜೈವಿಕ ತಂತ್ರಜ್ಞಾನ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ಕಾಲೇಜು ಲ್ಯಾಬಿನಲ್ಲಿ ಮಾಡಿದ ಬ್ಯಾಚನ್ನು ಯಾರ ಮೈಗೂ, ಸ್ವಂತ ಮೈಗೂ ಚುಚ್ಚಬಾರದು.

ಎಂಪಿಐ ಅಂತ ಹೊಸದು ಬಂದಿದೆಯಲ್ಲ, ಅದಕ್ಕೂ ಇದೇ ಕಣ ನಡೆಯುತ್ತದೆಯೇ?

ಮ್ಯಾಗ್ನೆಟಿಕ್ ಪಾರ್ಟಿಕಲ್ ಇಮೇಜಿಂಗ್ ಅನ್ನು ಗ್ಲೈಖ್ ಮತ್ತು ವೈಜೆನೆಕರ್ 2005ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಿಂದ ಪ್ರಕಟಿಸಿದರು. ಅದು ನೀರನ್ನು ನೋಡುವುದಿಲ್ಲ, ಕಣದ ಅಯಸ್ಕಾಂತತೆಯನ್ನೇ ನೇರವಾಗಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಹಿನ್ನೆಲೆಯಲ್ಲಿ ಅಂಗಾಂಶದ ಸದ್ದು ಇಲ್ಲ. 10 ನ್ಯಾನೋಮೀಟರ್ ಕಣದ ಸಂಕೇತ ಅಲ್ಲಿ ಬಹಳ ಕ್ಷೀಣ. 20–25ರ ಆಸುಪಾಸಿನ, ವುಸ್ಟೈಟ್ ಇಲ್ಲದ ಏಕರೂಪದ ತಿರುಳು ಬೇಕು. ರೆಸೊವಿಸ್ಟ್ ಅಲ್ಲಿ ತಕ್ಕಮಟ್ಟಿಗೆ ನಡೆದದ್ದು, ಅದರ ಸಣ್ಣ ಹರಳುಗಳಲ್ಲಿ ಒಂದಷ್ಟು ಒಟ್ಟುಗೂಡಿ ದೊಡ್ಡ ಕಣದಂತೆ ವರ್ತಿಸುವುದರಿಂದ. ಆ ಗಾತ್ರದಲ್ಲಿ ಕಣಗಳು ಒಂದನ್ನೊಂದು ಎಳೆಯುವ ಬಲವೂ ಏರುತ್ತದೆ, ಹಾಗಾಗಿ ಪೆಗ್ ಸರಪಳಿ ಉದ್ದವಾಗಿರಬೇಕು: 2,000 ಅಣುತೂಕದ್ದು ಸಾಲದೆ ಬಂದರೆ 5,000ದ್ದಕ್ಕೆ ಹೋಗಿ, ಆಮೇಲೆ 20,000ದ್ದನ್ನು ಯೋಚಿಸಿ.